ಕಾಳಿ ಅಳಿವೆಯ ಕೆಸರಿನಲ್ಲಿ ಔಷಧದ ಕಿಣ್ವ: ಆಸ್ಪರಾಜಿನೇಸ್ ತಯಾರಿಸುವ ಬ್ಯಾಕ್ಟೀರಿಯಾ ಹುಡುಕುವ ಸಮಗ್ರ ಮಾರ್ಗದರ್ಶಿ

ಪ್ರಾಜೆಕ್ಟ್ ಹಂಚುವ ದಿನ ಬಂತೆಂದರೆ ಅಂತಿಮ ವರ್ಷದವರಲ್ಲಿ ಮೂರು ನಾಲ್ಕು ಮಂದಿಯಾದರೂ "ಮೇಡಂ, ಮಣ್ಣಿನಿಂದ ಕಿಣ್ವದ ಬ್ಯಾಕ್ಟೀರಿಯಾ ಹುಡುಕುತ್ತೇವೆ" ಎಂದು ಬಂದು ನಿಲ್ಲುತ್ತಾರೆ. ಕಾರವಾರದಲ್ಲಿದ್ದು ಈ ಕೆಲಸಕ್ಕೆ ಕೈಹಾಕುವವರು ಪುಣ್ಯವಂತರು. ಬೆಳಿಗ್ಗೆ ಕಾಳಿ ನದಿಯ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರು, ಮಧ್ಯಾಹ್ನ ಕುಮಟಾ ಕಡೆಯ, ಉಪ್ಪು ನೀರು ಬಿಡುವ ಗಜನಿ ಗದ್ದೆಯ ಮಣ್ಣು, ಮರುದಿನ ದೇವಿಮನೆ ಘಟ್ಟ ಹತ್ತಿದರೆ ಶಿರಸಿಯ ಸೊಪ್ಪಿನ ಬೆಟ್ಟದ ಕಪ್ಪು ಮಣ್ಣು. ಒಂದೇ ಜಿಲ್ಲೆಯಲ್ಲಿ ಇಷ್ಟು ಬಗೆ ಸಿಗುವುದು ಸಣ್ಣ ಮಾತಲ್ಲ. ಆದರೆ ವರದಿಗಳನ್ನು ತಿದ್ದಲು ಕುಳಿತಾಗ ವರ್ಷವರ್ಷವೂ ಅದೇ ತಪ್ಪು ಎದುರಾಗುತ್ತದೆ: ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ ಗುಲಾಬಿಯಾಯಿತು, ಫೋಟೊ ತೆಗೆದೆವು, ಕಿಣ್ವ ಸಿಕ್ಕಿತು. ಗುಲಾಬಿ ಬಣ್ಣ ಒಂದು ಸುಳಿವು ಮಾತ್ರ. ಅದನ್ನು ಸಾಕ್ಷ್ಯವಾಗಿಸುವ ಕೆಲಸ ಅಲ್ಲಿಂದ ಶುರುವಾಗುತ್ತದೆ. ಮಣ್ಣು ತೆಗೆಯುವುದರಿಂದ ಹಿಡಿದು ಆ ಸಾಕ್ಷ್ಯದವರೆಗಿನ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಯಾವ ಕಿಣ್ವ, ಏಕೆ?

ಹೊರಡುವ ಮೊದಲು ಒಂದೇ ಒಂದು ಕಿಣ್ವವನ್ನು ಆರಿಸಿಕೊಳ್ಳಿ. "ಔಷಧಕ್ಕೆ ಉಪಯೋಗವಾಗುವ ಕಿಣ್ವಗಳು" ಎಂದು ಹೊರಟವರು ಒಂದನ್ನೂ ಸರಿಯಾಗಿ ನೋಡದೆ ಮರಳುತ್ತಾರೆ. ರಕ್ತದ ಹೆಪ್ಪು ಕರಗಿಸುವ ಕಿಣ್ವಗಳಿವೆ, ಉರಿಯೂತಕ್ಕೆ ಕೊಡುವ ಸೆರಾಶಿಯೋಪೆಪ್ಟಿಡೇಸ್ ಇದೆ. ಈ ಎರಡನೆಯದರ ಮೂಲ ರೇಷ್ಮೆ ಹುಳುವಿನ ಕರುಳಿನಲ್ಲಿದ್ದ ಬ್ಯಾಕ್ಟೀರಿಯಾ ಎಂಬುದು ರೇಷ್ಮೆಯ ನಾಡಿನವರಾದ ನಮಗೆ ಗೊತ್ತಿರಬೇಕು. ಆದರೂ ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಎಲ್-ಆಸ್ಪರಾಜಿನೇಸ್. ಅದರ ಪರೀಕ್ಷೆ ಕಣ್ಣಿಗೆ ಕಾಣುವಂಥದು, ದುಬಾರಿ ಯಂತ್ರ ಬೇಡ, ಔಷಧವಾಗಿ ಅದರ ಮಹತ್ವದ ಬಗ್ಗೆ ಅನುಮಾನವೂ ಇಲ್ಲ.

ಆಸ್ಪರಾಜಿನ್ ಒಂದು ಅಮೈನೊ ಆಮ್ಲ. ನಮ್ಮ ದೇಹದ ಹೆಚ್ಚಿನ ಜೀವಕೋಶಗಳು ಅದನ್ನು ತಾವೇ ತಯಾರಿಸಿಕೊಳ್ಳುತ್ತವೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತ ಕ್ಯಾನ್ಸರಿನ ಕೋಶಗಳಿಗೆ ಆ ಶಕ್ತಿ ತೀರಾ ಕಡಿಮೆ; ಅವು ರಕ್ತದಲ್ಲಿರುವ ಆಸ್ಪರಾಜಿನ್ ಅನ್ನೇ ನಂಬಿಕೊಂಡಿರುತ್ತವೆ. ಆಸ್ಪರಾಜಿನೇಸ್ ಕಿಣ್ವ ಅದನ್ನು ಆಸ್ಪಾರ್ಟಿಕ್ ಆಮ್ಲವಾಗಿಯೂ ಅಮೋನಿಯಾ ಆಗಿಯೂ ಒಡೆದು ಹಾಕಿದಾಗ ಕ್ಯಾನ್ಸರ್ ಕೋಶಗಳು ಉಣ್ಣಲಿಲ್ಲದೆ ಸಾಯುತ್ತವೆ. 1953ರಲ್ಲಿ ಜಾನ್ ಕಿಡ್ ಎಂಬ ವಿಜ್ಞಾನಿ ಗಿನಿಪಿಗ್ ಪ್ರಾಣಿಯ ರಕ್ತದ ಸೀರಮ್ ಕೊಟ್ಟಾಗ ಇಲಿಗಳಲ್ಲಿ ಗೆಡ್ಡೆ ಕುಗ್ಗುವುದನ್ನು ಕಂಡರು. ಅದಕ್ಕೆ ಕಾರಣ ಆಸ್ಪರಾಜಿನೇಸ್ ಎಂದು 1961ರಲ್ಲಿ ಜಾನ್ ಬ್ರೂಮ್ ತೋರಿಸಿದರು. ಗಿನಿಪಿಗ್ ರಕ್ತದಿಂದ ಔಷಧ ತಯಾರಿಸುವುದು ಆಗುವ ಮಾತಲ್ಲ, ಬ್ಯಾಕ್ಟೀರಿಯಾ ಕೈಹಿಡಿದವು. ಇಂದು ಬಳಕೆಯಲ್ಲಿರುವ ಔಷಧಗಳ ಮೂಲ ಇ. ಕೋಲೈ ಮತ್ತು ಎರ್ವಿನಿಯಾ ಎಂಬ ಬ್ಯಾಕ್ಟೀರಿಯಾಗಳು. ಒಂದರ ಕಿಣ್ವಕ್ಕೆ ಅಲರ್ಜಿಯಾದ ಮಗುವಿಗೆ ಇನ್ನೊಂದನ್ನು ಕೊಡುತ್ತಾರೆ. ಹೊಸ ಮೂಲಗಳನ್ನು ಜಗತ್ತು ಇನ್ನೂ ಹುಡುಕುತ್ತಿರುವುದಕ್ಕೆ ಈ ಅಲರ್ಜಿಯೇ ದೊಡ್ಡ ಕಾರಣ.

ಮಣ್ಣು ತೆಗೆಯುವ ಮೊದಲು

ಜಾಗ ಯಾರದು ಎಂದು ಮೊದಲು ಕೇಳಿ. ಕಾಂಡ್ಲಾ ವನ, ಅರಣ್ಯ, ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಸಿದ್ದಾಪುರದ ರಾಮಪತ್ರೆ ಜಡ್ಡಿ (ಜೌಗು ಕಾಡು), ಇವಕ್ಕೆಲ್ಲ ಅರಣ್ಯ ಇಲಾಖೆಯ ಅನುಮತಿ ಬೇಕು. ಒಂದು ಚಮಚ ಮಣ್ಣಾದರೂ ಸರಿ, ಕಾಲೇಜಿನ ಪತ್ರ ಹಿಡಿದು ಹೋಗಿ. ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳಾದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿದೆ. ಅಲ್ಲಿ ಇನ್ನಷ್ಟು ಎಚ್ಚರವಿರಲಿ. ಖಾಸಗಿ ಗಜನಿ, ಅಡಿಕೆ ತೋಟ, ಬೆಟ್ಟದ ಮಣ್ಣಾದರೆ ಮಾಲೀಕರನ್ನು ಕೇಳಿ, ಏಕೆ ಬೇಕೆಂದು ಬಿಡಿಸಿ ಹೇಳಿ. ಓದಿಗಾಗಿ ಮಾಡುವ ಸಂಶೋಧನೆ ಬೇರೆ, ವ್ಯಾಪಾರಕ್ಕೆ ಕೊಂಡೊಯ್ಯುವುದು ಬೇರೆ. ವ್ಯಾಪಾರದ ಉದ್ದೇಶ ಬಂದ ಕೂಡಲೇ, ಇಲ್ಲವೇ ಮಾದರಿಯನ್ನು ವಿದೇಶಕ್ಕೆ ಕಳುಹಿಸುವ ಮಾತು ಎದ್ದ ಕೂಡಲೇ 2002ರ ಜೀವವೈವಿಧ್ಯ ಕಾಯ್ದೆಯ ನಿಯಮಗಳು ಅನ್ವಯಿಸುತ್ತವೆ.

ಒಮ್ಮೆ ಕುಮಟಾದ ಗಜನಿಯೊಂದರಲ್ಲಿ ವಿದ್ಯಾರ್ಥಿನಿಯೊಬ್ಬಳು ಮಣ್ಣು ಕೇಳಿದಾಗ ಅಲ್ಲಿನ ಹಿರಿಯ ರೈತರು, "ತಂಗಿ, ಮಣ್ಣು ಎಷ್ಟಾದರೂ ಒಯ್ಯಿ. ಆದರೆ ಆ ಬದಿಯದು ಬೇಡ, ಹೋದ ವರ್ಷ ಕಟ್ಟೆ ಒಡೆದು ಅಲ್ಲಿಗೆ ಹೊಸ ಮಣ್ಣು ತಂದು ಹಾಕಿದ್ದೇವೆ" ಎಂದರು. ಅವರನ್ನು ಮಾತನಾಡಿಸದೆ ಹೋಗಿದ್ದರೆ ನಮ್ಮ ನೋಟ್‌ಬುಕ್‌ನಲ್ಲಿ "ಗಜನಿ ಮಣ್ಣು" ಎಂದು ಬೇರೆಲ್ಲಿಯದೋ ಮಣ್ಣು ದಾಖಲಾಗುತ್ತಿತ್ತು. ಕಗ್ಗ ಭತ್ತ ಬೆಳೆಯುವ ಗದ್ದೆಗೆ ಉಪ್ಪು ನೀರು ಯಾವಾಗ ಬಿಡುತ್ತಾರೆ, ಯಾವಾಗ ಸಿಗಡಿ ಹಿಡಿಯುತ್ತಾರೆ, ಇದನ್ನೆಲ್ಲ ಕೇಳಿ ಬರೆದುಕೊಳ್ಳಿ. ಆ ಮಣ್ಣಿನ ಬ್ಯಾಕ್ಟೀರಿಯಾಗಳ ಚರಿತ್ರೆಯೂ ಅದೇ.

ಇನ್ನು ಸುರಕ್ಷತೆ. ಇದನ್ನು ಯಾರೂ ಹಗುರವಾಗಿ ಓದಬಾರದು. ಕರಾವಳಿ ಕರ್ನಾಟಕದ ತೇವದ ಮಣ್ಣಿನಲ್ಲಿ ಮೆಲಿಯಾಯ್ಡೋಸಿಸ್ ಎಂಬ ಮಾರಕ ಸೋಂಕು ತರುವ ಬ್ಯಾಕ್ಟೀರಿಯಾ ಇರುತ್ತದೆ. ಮಳೆಗಾಲದಲ್ಲಿ ಅದರ ಅಪಾಯ ಹೆಚ್ಚು. ಗಾಯದ ಮೂಲಕ, ಉಸಿರಿನ ಮೂಲಕ ಅದು ಒಳಸೇರುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ, ಕೈಕಾಲಿನಲ್ಲಿ ಗಾಯ ಇರುವವರಿಗೆ ಮಣ್ಣು ತೆಗೆಯುವ ಕೆಲಸ ಬೇಡ. ಉಳಿದವರು ಗಮ್ ಬೂಟು, ಕೈಗವಸು ಹಾಕಿಕೊಳ್ಳಲೇಬೇಕು. ಶಿರಸಿ, ಸಿದ್ದಾಪುರ ಕಡೆಯ ಕಾಡಂಚಿಗೆ ಹೋಗುವವರು ಮಂಗನ ಕಾಯಿಲೆಯನ್ನು ನೆನಪಿಡಿ. ಅದನ್ನು ಹರಡುವ ಉಣುಗು ತರಗೆಲೆಯಲ್ಲೇ ಇರುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಪೂರ್ತಿ ತೋಳಿನ ಬಟ್ಟೆ ತೊಟ್ಟು, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ ಮಾಡಿ. ಮಂಗ ಸತ್ತ ಸುದ್ದಿ ಇರುವ ಕಡೆಗೆ ಹೋಗಲೇಬೇಡಿ.

ಮಾದರಿ ಸಂಗ್ರಹ

ಕಾಳಿ ಅಳಿವೆಯಲ್ಲಾದರೆ ಇಳಿತದ ಹೊತ್ತು ನೋಡಿಕೊಂಡು ಹೋಗಿ. ಕಾಂಡ್ಲಾದ ಉಸಿರಾಟದ ಬೇರುಗಳು ಮೊಳೆಯಂತೆ ಎದ್ದು ನಿಂತಿರುವ ಜಾಗದಲ್ಲಿ ಮೇಲಿನ ಕಂದು ಪದರವನ್ನು ಸರಿಸಿದರೆ ಒಂದೆರಡು ಬೆರಳಿನಷ್ಟು ಆಳದಲ್ಲೇ ಕೆಸರು ಕಾಡಿಗೆಯಂತೆ ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಆ ಗೆರೆಯ ಕೆಳಗೆ ಗಾಳಿ ಇಲ್ಲ, ಗಂಧಕದ ಆಟ ನಡೆಯುತ್ತಿದೆ ಎಂದು ಅರ್ಥ. ನಮಗೆ ಬೇಕಾದ, ಗಾಳಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಗೆರೆಯ ಮೇಲೂ ಬೇರಿನ ಸುತ್ತಲೂ ಹೆಚ್ಚು. ಹಾಗಾಗಿ ಬೇರಿಗೆ ಅಂಟಿದ ಕೆಸರನ್ನೇ ತೆಗೆಯಿರಿ.

ಒಣ ಮಣ್ಣಾದರೆ ಮೇಲಿನ ದರಕು (ಒಣಗಿದ ಎಲೆ) ಸರಿಸಿ 5ರಿಂದ 15 ಸೆಂಟಿಮೀಟರ್ ಆಳದ್ದು ಸಾಕು. ಒಂದು ಜಾಗದಲ್ಲಿ ಐದು ಕಡೆ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ. ಸ್ಪಿರಿಟ್‌ನಲ್ಲಿ ಒರೆಸಿ ಬೆಂಕಿಗೆ ಹಿಡಿದ ಸ್ಟೀಲ್ ಚಮಚ ಬಳಸಿ, ಪ್ರತಿ ಜಾಗಕ್ಕೂ ಮತ್ತೆ ಹಾಗೆಯೇ ಮಾಡಿ. ಹೊಸ ಜಿಪ್ ಚೀಲಕ್ಕೆ ತುಂಬಿ, ಚೀಲದ ಮೇಲೆ ಸಂಖ್ಯೆಯನ್ನು ಆಗಲೇ ಬರೆಯಿರಿ. ಬಸ್ಸಿನಲ್ಲಿ ಬರೆಯುತ್ತೇನೆ ಎಂದುಕೊಂಡವರ ಚೀಲಗಳು ಅದಲುಬದಲಾಗಿವೆ. ತಾರೀಕು, ಹೊತ್ತು, ಮೊಬೈಲ್ ತೋರಿಸುವ ಅಕ್ಷಾಂಶ ರೇಖಾಂಶ, ಮಣ್ಣಿನ ಪಿಎಚ್, ಉಷ್ಣತೆ, ಹತ್ತಿರದ ಗಿಡ, ಉಬ್ಬರವೋ ಇಳಿತವೋ ಎಂಬುದು ನೋಟ್‌ಬುಕ್‌ಗೆ. ಐಸ್ ಡಬ್ಬಿಯಲ್ಲಿಟ್ಟು ತಂದು 24 ಗಂಟೆಯೊಳಗೆ ಕೆಲಸ ಶುರುಮಾಡಿ.

ತೆಳುಗೊಳಿಸುವುದು

ಒಂದು ಗ್ರಾಂ ಮಣ್ಣನ್ನು 9 ಮಿಲಿಲೀಟರ್ ಶುದ್ಧೀಕರಿಸಿದ 0.85 ಶೇಕಡಾ ಉಪ್ಪು ನೀರಿಗೆ ಹಾಕಿ ಚೆನ್ನಾಗಿ ಅಲ್ಲಾಡಿಸಿ. ಅದರಲ್ಲಿ ಒಂದು ಮಿಲಿಲೀಟರ್ ತೆಗೆದು ಮುಂದಿನ 9 ಮಿಲಿಲೀಟರ್‌ಗೆ, ಹೀಗೆ ಆರು ನಳಿಕೆಗಳು. ಪ್ರತಿ ಹಂತಕ್ಕೂ ಹೊಸ ಪಿಪೆಟ್ ತುದಿ ಬಳಸಿ. ನಾಲ್ಕನೆಯ ಮತ್ತು ಐದನೆಯ ನಳಿಕೆಯಿಂದ 0.1 ಮಿಲಿಲೀಟರ್ ತೆಗೆದು, ಅಗಾರ್ ಹಾಕಿ ಗಟ್ಟಿಯಾಗಿಸಿದ ಆಹಾರವಿರುವ ತಟ್ಟೆಯ ಮೇಲೆ ಹರಡಿ; ಅದರ ತಯಾರಿ ಮುಂದೆ ಇದೆ. 30ರಿಂದ 300 ಕಾಲೊನಿ (ಬ್ಯಾಕ್ಟೀರಿಯಾ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆ) ಬಂದ ತಟ್ಟೆಯೇ ಎಣಿಕೆಗೆ ಯೋಗ್ಯ. ನಾಲ್ಕನೆಯ ನಳಿಕೆಯ ತಟ್ಟೆಯಲ್ಲಿ 45 ಕಾಲೊನಿ ಬಂದರೆ ಗ್ರಾಂ ಮಣ್ಣಿನಲ್ಲಿ 45 ಲಕ್ಷ ಎಂದಾಯಿತು. ಇದು ತಟ್ಟೆಯಲ್ಲಿ ಬೆಳೆಯಲು ಒಪ್ಪಿದವುಗಳ ಲೆಕ್ಕ ಮಾತ್ರ. ಮಣ್ಣಿನ ಬಹುಪಾಲು ಬ್ಯಾಕ್ಟೀರಿಯಾಗಳು ನಮ್ಮ ಅಗಾರ್ ಅನ್ನು ಮುಟ್ಟುವುದೇ ಇಲ್ಲ.

ಆಕ್ಟಿನೊಮೈಸೀಟ್‌ಗಳೆಂಬ ಬ್ಯಾಕ್ಟೀರಿಯಾಗಳು ಬೇಕಾದರೆ ದಾರಿ ಸ್ವಲ್ಪ ಬೇರೆ. ಮೊದಲ ಮಳೆಗೆ ಏಳುವ ಮಣ್ಣಿನ ಪರಿಮಳಕ್ಕೆ ಕಾರಣವಾದ ಗುಂಪು ಇದು. ಮಣ್ಣನ್ನು ನೆರಳಿನಲ್ಲಿ ಒಂದು ವಾರ ಒಣಗಿಸಿ ತೆಳುಗೊಳಿಸಿದರೆ ಬೇಗ ಬೆಳೆಯುವ ಬ್ಯಾಕ್ಟೀರಿಯಾಗಳು ಕಡಿಮೆಯಾಗಿ, ಒಣಗುವಿಕೆಯನ್ನು ತಾಳುವ ಇವುಗಳ ಬೀಜಕಗಳು ಉಳಿಯುತ್ತವೆ. ಪಿಷ್ಟ ಮತ್ತು ಕೇಸೀನ್ ಇರುವ ಅಗಾರ್‌ನಲ್ಲಿ ಹರಡಿ 7ರಿಂದ 14 ದಿನ ಕಾಯಬೇಕು. ಅವುಗಳ ಕಾಲೊನಿ ಚರ್ಮದಂತೆ ಗಟ್ಟಿ, ಮೇಲೆ ಸುಣ್ಣದ ಪುಡಿ ಉದುರಿಸಿದಂತೆ. ಸೂಜಿಯಿಂದ ಎತ್ತಲು ಹೋದರೆ ಅಗಾರ್‌ನೊಳಗೆ ಬೇರೂರಿ ಕುಳಿತಿರುತ್ತದೆ. ಸಮಯ ಇರುವವರು ಈ ದಾರಿಯನ್ನೂ ಹಿಡಿಯಲಿ.

ಬಣ್ಣದ ತಟ್ಟೆ

ಇಲ್ಲಿ ತಾಳ್ಮೆ ಬೇಕು. ಒಂದು ಲೀಟರ್ ಮಾಧ್ಯಮಕ್ಕೆ, ಅಂದರೆ ಬ್ಯಾಕ್ಟೀರಿಯಾ ಬೆಳೆಯುವ ಆಹಾರಕ್ಕೆ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6 ಗ್ರಾಂ, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 3 ಗ್ರಾಂ, ಅಡುಗೆ ಉಪ್ಪಿನ ಶುದ್ಧ ರೂಪವಾದ ಸೋಡಿಯಂ ಕ್ಲೋರೈಡ್ 0.5 ಗ್ರಾಂ, ಎಲ್-ಆಸ್ಪರಾಜಿನ್ 5 ಗ್ರಾಂ, ಅಗಾರ್ 20 ಗ್ರಾಂ. ಆಮ್ಲ, ಕ್ಷಾರಕ್ಕೆ ತಕ್ಕಂತೆ ಬಣ್ಣ ಬದಲಿಸುವ ಫೀನಾಲ್ ರೆಡ್ ಅನ್ನು ಆಲ್ಕೋಹಾಲ್‌ನಲ್ಲಿ 2.5 ಶೇಕಡಾ ದ್ರಾವಣ ಮಾಡಿಟ್ಟುಕೊಂಡು 3.6 ಮಿಲಿಲೀಟರ್ ಸೇರಿಸಿ. ಆಗ ಬಣ್ಣದ ಪ್ರಮಾಣ 0.009 ಶೇಕಡಾ ಆಗುತ್ತದೆ. ಪಿಎಚ್ ಅನ್ನು 7ಕ್ಕಿಂತ ಮೇಲೆ ಬಿಡಬೇಡಿ. ತಟ್ಟೆ ಗಟ್ಟಿಯಾದಾಗ ಅಂಕೋಲೆಯ ಕರಿ ಇಶಾಡು ಮಾವಿನ ಹೋಳಿನ ಬಣ್ಣಕ್ಕಿರಬೇಕು. ಆಗಲೇ ಕೆಂಪಾಗಿದ್ದರೆ ಮುಂದೆ ನೀವು ಕಾಣುವುದು ಏನೂ ಇಲ್ಲ.

ಉಳಿದ ಮೂರು ವಸ್ತುಗಳನ್ನು ಬೇರೆಬೇರೆಯಾಗಿ ಶುದ್ಧೀಕರಿಸಿ, ಆಟೋಕ್ಲೇವ್ ಆದ (ಒತ್ತಡದ ಹಬೆಯಲ್ಲಿ ಶುದ್ಧಗೊಂಡ) ಮಾಧ್ಯಮ ಕೈಗೆ ತಾಳುವಷ್ಟು ತಣಿದ ಮೇಲೆ ಸೇರಿಸಿ: 1 ಮೋಲಾರ್ ಮೆಗ್ನೀಸಿಯಂ ಸಲ್ಫೇಟ್ 2 ಮಿಲಿಲೀಟರ್, 0.1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 1 ಮಿಲಿಲೀಟರ್, 20 ಶೇಕಡಾ ಗ್ಲೂಕೋಸ್ 10 ಮಿಲಿಲೀಟರ್. ಎಲ್ಲವನ್ನೂ ಒಟ್ಟಿಗೆ ಹಾಕಿ ಬೇಯಿಸಿದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಫಾಸ್ಫೇಟ್ ಜೊತೆ ಸೇರಿ ಬಿಳಿ ಗಸಿಯಾಗಿ ಕೆಳಗೆ ಕೂರುತ್ತವೆ, ಗ್ಲೂಕೋಸ್ ಅಮೈನೊ ಆಮ್ಲದೊಂದಿಗೆ ಕಂದಾಗುತ್ತದೆ. ಕರಾವಳಿಯ ಮಾದರಿ ಎಂದು ಸಮುದ್ರದ ನೀರಿನಲ್ಲೇ ಈ ಮಾಧ್ಯಮ ಮಾಡಲು ಹೋಗುವವರಿಗೂ ಇದೇ ಗಸಿಯ ಕಾಟ, ಏಕೆಂದರೆ ಸಮುದ್ರದ ನೀರಿನಲ್ಲಿ ಆ ಎರಡೂ ಧಾರಾಳ. ಅಳಿವೆಯ ಮತ್ತು ಗಜನಿಯ ಮಾದರಿಗೆ ಬಟ್ಟಿ ಇಳಿಸಿದ ನೀರನ್ನೇ ಬಳಸಿ, ಸೋಡಿಯಂ ಕ್ಲೋರೈಡ್ ಅನ್ನು 20 ಗ್ರಾಂಗೆ ಏರಿಸಿ. ಸಾಣಿಕಟ್ಟಾದ ಉಪ್ಪಿನ ಆಗರದ ಕೆಸರಿಗೆ ಅದೂ ಸಾಲದು. ಅಲ್ಲಿನ ಜೀವಿಗಳಿಗೆ ಉಪ್ಪನ್ನು ಹಂತಹಂತವಾಗಿ ಏರಿಸಿದ ತಟ್ಟೆಗಳ ಸಾಲೇ ಬೇಕು.

ಇದರ ತತ್ವ ಸರಳ. ಆಸ್ಪರಾಜಿನ್ ಒಡೆದಾಗ ಬರುವ ಅಮೋನಿಯಾ ಸುತ್ತಲಿನ ಅಗಾರ್ ಅನ್ನು ಕ್ಷಾರಗೊಳಿಸುತ್ತದೆ, ಹಳದಿಯಾಗಿದ್ದ ಫೀನಾಲ್ ರೆಡ್ ಗುಲಾಬಿಗೆ ತಿರುಗುತ್ತದೆ. 30 ಡಿಗ್ರಿಯಲ್ಲಿಡಿ. 37 ಡಿಗ್ರಿ ಎಂದರೆ ಮನುಷ್ಯನ ದೇಹಕ್ಕೆ ಒಗ್ಗಿದವುಗಳನ್ನು ಕರೆದು ಕೂರಿಸಿದಂತೆ. ತಟ್ಟೆಯ ಅಂಚಿಗೆ ಪ್ಯಾರಾಫಿಲ್ಮ್ ಸುತ್ತಿ, ಮೂಗಿನ ಹತ್ತಿರ ಒಯ್ಯಲೇಬೇಡಿ. 24 ಮತ್ತು 48 ಗಂಟೆಗೆ ತಪ್ಪದೆ ನೋಡಿ, ಕಾಲೊನಿಯ ಅಗಲ ಮತ್ತು ಗುಲಾಬಿ ವಲಯದ ಅಗಲವನ್ನು ಮಿಲಿಮೀಟರ್‌ನಲ್ಲಿ ಬರೆಯಿರಿ. ಶನಿವಾರ ಇಟ್ಟು ಮಂಗಳವಾರ ತೆರೆದರೆ ಅಮೋನಿಯಾ ಇಡೀ ತಟ್ಟೆಗೆ ಹಬ್ಬಿ, ಯಾವ ಕಾಲೊನಿಯ ಕೆಲಸ ಎಂಬುದೇ ತಿಳಿಯದು.

ಜೊತೆಗೆ ಇಡಬೇಕಾದ ತಟ್ಟೆಗಳು

ಇಡೀ ಬರಹದಲ್ಲಿ ಒಂದೇ ಒಂದು ಭಾಗವನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಪ್ರತಿ ಸಲವೂ ಮೂರು ಬಗೆಯ ತಟ್ಟೆ ಇರಲಿ. ಮೇಲೆ ಹೇಳಿದ್ದು ಒಂದು. ಆಸ್ಪರಾಜಿನ್ ಬದಲು ಸೋಡಿಯಂ ನೈಟ್ರೇಟ್ ಹಾಕಿ, ಬಣ್ಣ ಮತ್ತು ಉಳಿದೆಲ್ಲವೂ ಅದೇ ಇರುವ ತಟ್ಟೆ ಇನ್ನೊಂದು. ಯಾವ ಬ್ಯಾಕ್ಟೀರಿಯಾವನ್ನೂ ಹಾಕದೆ ಹಾಗೆಯೇ ಇಟ್ಟ ತಟ್ಟೆ ಮೂರನೆಯದು. ಗುಲಾಬಿ ಬಂದ ಪ್ರತಿಯೊಂದು ಕಾಲೊನಿಯನ್ನೂ ಆಸ್ಪರಾಜಿನ್ ತಟ್ಟೆಗೂ ನೈಟ್ರೇಟ್ ತಟ್ಟೆಗೂ ಒಂದೇ ಜಾಗದಲ್ಲಿ ಚುಕ್ಕೆ ಇಟ್ಟು ಮತ್ತೆ ಬೆಳೆಸಿ. ಎರಡೂ ಕಡೆ ಗುಲಾಬಿಯಾದರೆ ಆ ಜೀವಿ ಬೇರೆ ಯಾವುದೋ ಕಾರಣಕ್ಕೆ ಕ್ಷಾರ ಬಿಡುತ್ತಿದೆ, ಕೈಬಿಡಿ. ಇದಕ್ಕೆ ವಿರುದ್ಧವೂ ಉಂಟು: ಗ್ಲೂಕೋಸ್‌ನಿಂದ ಹೆಚ್ಚು ಆಮ್ಲ ತಯಾರಿಸುವ ಜೀವಿಯ ಸುತ್ತ ಅಮೋನಿಯಾ ಬಂದರೂ ಬಣ್ಣ ಹಳದಿಯಲ್ಲೇ ನಿಲ್ಲಬಹುದು. ಚೆನ್ನಾಗಿ ಬೆಳೆದೂ ಹಳದಿಯಾಗಿಯೇ ಉಳಿದ ಕೆಲವನ್ನು ಗ್ಲೂಕೋಸ್ ಕಡಿಮೆ ಮಾಡಿದ ತಟ್ಟೆಯಲ್ಲಿ ಮತ್ತೊಮ್ಮೆ ನೋಡಿ.

ಒಂದು ವರ್ಷ ಇಬ್ಬರು ಹುಡುಗಿಯರ ತಟ್ಟೆಗಳಲ್ಲಿ 11 ಕಾಲೊನಿಗಳ ಸುತ್ತ ಗುಲಾಬಿ ವಲಯ ಬಂದಿತ್ತು. ಬೆಳಗಿನ ಏಳು ಗಂಟೆಗೆ ಕಿಟಕಿಯ ಬೆಳಕಿಗೆ ಹಿಡಿದಾಗ ಮಾವಿನ ಹಳದಿಯ ನಡುವೆ ಒಂದೊಂದೂ ದಾಸವಾಳದ ಮೊಗ್ಗಿನಂತೆ ಕಾಣುತ್ತಿತ್ತು. ಅವರ ಮುಖದ ಸಂತೋಷ ನೋಡಿ ನನಗೂ ಮಾತು ಹೊರಡಲಿಲ್ಲ. ಎರಡು ದಿನದ ಬಳಿಕ ನೈಟ್ರೇಟ್ ತಟ್ಟೆಯಲ್ಲಿ ಅವುಗಳಲ್ಲಿ ಎಂಟು ಕೂಡ ಗುಲಾಬಿಯಾದವು. ಉಳಿದದ್ದು ಮೂರು. ಆ ಎರಡು ದಿನಗಳ ಕೆಲಸ ಮಾಡದಿದ್ದರೆ ಎಂಟು ಸುಳ್ಳುಗಳು ವರದಿಯಲ್ಲಿ ಅಚ್ಚಾಗುತ್ತಿದ್ದವು.

ಅಳತೆ

ಉಳಿದ ಕಾಲೊನಿಗಳನ್ನು ಗೆರೆ ಎಳೆದು ಕನಿಷ್ಠ ಮೂರು ಸಲ ಶುದ್ಧಗೊಳಿಸಿ. ಆಮೇಲೆ ಅಗಾರ್ ಮತ್ತು ಬಣ್ಣ ಬಿಟ್ಟು ಅದೇ ಮಾಧ್ಯಮವನ್ನು ದ್ರವವಾಗಿ ಮಾಡಿ, ಎರಡು ಮೂರು ದಿನ ಅಲ್ಲಾಡಿಸುತ್ತ ಬೆಳೆಸಿ. ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ರಭಸವಾಗಿ ತಿರುಗಿಸಿ ಕೋಶಗಳನ್ನು ಕೆಳಗಿಳಿಸಿ) ಮೇಲಿನ ತಿಳಿಯನ್ನು ತೆಗೆದುಕೊಳ್ಳಿ. ಕಿಣ್ವ ಜೀವಕೋಶದ ಒಳಗೇ ಉಳಿದಿರುವುದೂ ಉಂಟು. ಹಾಗಾಗಿ ಕೋಶಗಳನ್ನು ಎಸೆಯದೆ ಒಡೆದು ಅದನ್ನೂ ಪರೀಕ್ಷಿಸಿ.

0.04 ಮೋಲಾರ್ ಆಸ್ಪರಾಜಿನ್, ಪಿಎಚ್ 8.6ರ 0.05 ಮೋಲಾರ್ ಟ್ರಿಸ್ ಬಫರ್, ನೀರು, ಕಿಣ್ವದ ದ್ರಾವಣ ಇವು ತಲಾ 0.5 ಮಿಲಿಲೀಟರ್. 37 ಡಿಗ್ರಿಯಲ್ಲಿ 30 ನಿಮಿಷ. 1.5 ಮೋಲಾರ್ ಟ್ರೈಕ್ಲೋರೋಅಸೆಟಿಕ್ ಆಮ್ಲ 0.5 ಮಿಲಿಲೀಟರ್ ಹಾಕಿ ಕಿಣ್ವದ ಕೆಲಸ ನಿಲ್ಲಿಸಿ. ಸೆಂಟ್ರಿಫ್ಯೂಜ್ ಮಾಡಿ, ತಿಳಿಯ 0.1 ಮಿಲಿಲೀಟರ್ ಅನ್ನು 3.7 ಮಿಲಿಲೀಟರ್ ನೀರಿಗೆ ಸೇರಿಸಿ, ಅಮೋನಿಯಾ ಇದ್ದರೆ ಬಣ್ಣ ತೋರಿಸುವ ನೆಸ್ಲರ್ ದ್ರಾವಣ 0.2 ಮಿಲಿಲೀಟರ್ ಹಾಕಿ. 20 ನಿಮಿಷದ ಬಳಿಕ ಕಿತ್ತಳೆ ಬಣ್ಣವನ್ನು 450 ನ್ಯಾನೋಮೀಟರ್‌ನಲ್ಲಿ ಓದಿ, ಅಮೋನಿಯಂ ಸಲ್ಫೇಟ್‌ನ ಮಾನಕ ರೇಖೆಗೆ ಹೋಲಿಸಿ. ಬೆಳೆಸಿದ ದ್ರವದಲ್ಲಿ ಮೊದಲೇ ಅಮೋನಿಯಾ ಇರುತ್ತದೆ. ಆದ್ದರಿಂದ ಹೋಲಿಕೆಯ ನಳಿಕೆಗೆ ಬರೀ ನೀರು ಸಾಲದು. ಆಮ್ಲವನ್ನು ಮೊದಲು ಹಾಕಿ, ಕಿಣ್ವವನ್ನು ಆಮೇಲೆ ಹಾಕಿದ ನಳಿಕೆ ಬೇಕು.

ಲೆಕ್ಕ ಹೀಗೆ. ಹೋಲಿಕೆಯ ನಳಿಕೆಯದನ್ನು ಕಳೆದ ಮೇಲೆ 0.1 ಮಿಲಿಲೀಟರ್‌ನಲ್ಲಿ 0.06 ಮೈಕ್ರೋಮೋಲ್ ಅಮೋನಿಯಾ ಸಿಕ್ಕಿತು ಎನ್ನಿ. ಒಟ್ಟು ಮಿಶ್ರಣ 2.5 ಮಿಲಿಲೀಟರ್, ಅಂದರೆ 25 ಪಟ್ಟು: 1.5 ಮೈಕ್ರೋಮೋಲ್. ಅದನ್ನು 30 ನಿಮಿಷದಿಂದಲೂ 0.5 ಮಿಲಿಲೀಟರ್ ಕಿಣ್ವದಿಂದಲೂ ಭಾಗಿಸಿದರೆ ಮಿಲಿಲೀಟರಿಗೆ 0.1 ಯೂನಿಟ್. ನಿಮಿಷಕ್ಕೆ ಒಂದು ಮೈಕ್ರೋಮೋಲ್ ಅಮೋನಿಯಾ ಬಿಡಿಸುವುದು ಒಂದು ಯೂನಿಟ್.

ನೆಸ್ಲರ್ ದ್ರಾವಣದಲ್ಲಿ ಪಾದರಸವಿದೆ. ಅದನ್ನು ಸಿಂಕಿಗೆ ಸುರಿದರೆ ಕೊನೆಗೆ ಹೋಗಿ ಸೇರುವುದು ನಾವು ಮಣ್ಣು ತಂದ ಅಳಿವೆಗೇ, ಅಲ್ಲಿನ ಮೀನಿಗೇ. ಬೇರೆ ಬಾಟಲಿಯಲ್ಲಿ ಸಂಗ್ರಹಿಸಿ, ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಕೊಡಿ. ಬಳಸಿದ ತಟ್ಟೆ, ಉಳಿದ ಮಣ್ಣು ಎರಡನ್ನೂ ಆಟೋಕ್ಲೇವ್ ಮಾಡಿಯೇ ಎಸೆಯಿರಿ.

ಇದೇ ಪರೀಕ್ಷೆಯನ್ನು ಆಸ್ಪರಾಜಿನ್ ಬದಲು ಗ್ಲುಟಮಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಹಾಕಿ ಇನ್ನೊಮ್ಮೆ ಮಾಡಿ. ರೋಗಿಗಳಲ್ಲಿ ಕಾಣುವ ಅಡ್ಡ ಪರಿಣಾಮಗಳಲ್ಲಿ ಕೆಲವಕ್ಕೆ ಈ ಕಿಣ್ವ ಗ್ಲುಟಮಿನ್ ಅನ್ನೂ ಒಡೆಯುವುದು ಕಾರಣ. ಗ್ಲುಟಮಿನ್ ಅನ್ನು ಮುಟ್ಟದ ಅಥವಾ ಬಹಳ ಕಡಿಮೆ ಮುಟ್ಟುವ ತಳಿ ಸಿಕ್ಕರೆ ಅದರ ಯೂನಿಟ್ ಕಡಿಮೆಯಿದ್ದರೂ ನಾನು ಅದನ್ನೇ ಮೊದಲಿಗೆ ಇಡುತ್ತೇನೆ. ವಿದ್ಯಾರ್ಥಿಗಳು ದೊಡ್ಡ ಅಂಕಿಯ ಹಿಂದೆ ಹೋಗುತ್ತಾರೆ, ಅದು ಸರಿಯಲ್ಲ. ರಕ್ತದಲ್ಲಿ ಆಸ್ಪರಾಜಿನ್ ಇರುವುದೇ ಅತ್ಯಲ್ಪ. ಅಷ್ಟು ಅಲ್ಪ ಪ್ರಮಾಣದಲ್ಲೂ ಹಿಡಿದು ಒಡೆಯಬಲ್ಲ ಕಿಣ್ವವೇ ಔಷಧವಾಗಬಲ್ಲದು.

ಗುರುತು ಮತ್ತು ಜೋಪಾನ

ಗ್ರಾಮ್ ಬಣ್ಣ, ಸೂಕ್ಷ್ಮದರ್ಶಕ, ಕೆಲವು ಜೀವರಾಸಾಯನಿಕ ಪರೀಕ್ಷೆಗಳು ಕಾಲೇಜಿನಲ್ಲೇ ಆಗುತ್ತವೆ. ಆಮೇಲೆ ಬ್ಯಾಕ್ಟೀರಿಯಾವನ್ನು ಗುರುತಿಸಲು ಬಳಸುವ 16ಎಸ್ ಜೀನಿನ ಸುಮಾರು 1500 ಅಕ್ಷರಗಳ ಅನುಕ್ರಮ ಓದಿಸಲು ಹೊರಗೆ ಕಳುಹಿಸಬೇಕು. ಹತ್ತಿರದ ಪ್ರಭೇದದೊಂದಿಗೆ ಹೋಲಿಕೆ 98.7 ಶೇಕಡಾಕ್ಕಿಂತ ಕಡಿಮೆಯಿದ್ದರೆ ಹೊಸ ಪ್ರಭೇದವಿರಬಹುದು ಎಂಬ ಸೂಚನೆ, ಅಷ್ಟೇ. ರೋಗ ತರುವ ಗುಂಪಿಗೆ ಸೇರಿದ್ದೆಂದು ತಿಳಿದರೆ ಕಿಣ್ವ ಎಷ್ಟೇ ಚೆನ್ನಾಗಿರಲಿ, ಕಾಲೇಜಿನ ಪ್ರಯೋಗಾಲಯದಲ್ಲಿ ಮುಂದುವರಿಸಬೇಡಿ. ಒಳ್ಳೆಯ ತಳಿಯನ್ನು ಪುಣೆಯ ಅಥವಾ ಚಂಡೀಗಡದ ರಾಷ್ಟ್ರೀಯ ಸೂಕ್ಷ್ಮಜೀವಿ ಸಂಗ್ರಹಕ್ಕೆ ಒಪ್ಪಿಸಿ, ಸಂಖ್ಯೆ ಪಡೆಯಿರಿ.

ಸಂಗ್ರಹಕ್ಕೆ ಕಳುಹಿಸುವವರೆಗೆ 20 ಶೇಕಡಾ ಗ್ಲಿಸರಾಲ್‌ನಲ್ಲಿ ಹೆಪ್ಪುಗಟ್ಟಿಸಿ ಇಡಿ. ಒಂದು ಜುಲೈನಲ್ಲಿ ಗಾಳಿಮಳೆಗೆ ಮೂರು ದಿನ ಕರೆಂಟ್ ಇರಲಿಲ್ಲ. ಫ್ರೀಜರ್ ಕೆಳಗೆ ನೀರು ನಿಂತಿತ್ತು. ಆ ಹುಡುಗಿಯರ ಮೂರು ತಳಿಗಳಲ್ಲಿ ಎರಡು ಮತ್ತೆ ಬೆಳೆಯಲೇ ಇಲ್ಲ. ಗ್ಲುಟಮಿನ್ ಮುಟ್ಟದ ತಳಿ ಅವುಗಳಲ್ಲೊಂದು. ಅದೇ ಜಾಗಕ್ಕೆ, ಅದೇ ಕಾಂಡ್ಲಾದ ಬುಡಕ್ಕೆ ಮೂರು ಸಲ ಹೋಗಿ ಬಂದೆವು, ಅದು ಮತ್ತೆ ಸಿಗಲಿಲ್ಲ. ಈಗ ಪ್ರತಿ ತಳಿಗೂ ನಾಲ್ಕು ನಳಿಕೆ ಮಾಡುತ್ತೇವೆ: ಎರಡು ನಮ್ಮ ಫ್ರೀಜರ್‌ನಲ್ಲಿ, ಎರಡು ಘಟ್ಟದ ಮೇಲಿನ ಇನ್ನೊಂದು ಕಾಲೇಜಿನಲ್ಲಿ. ನಳಿಕೆಯ ಚೀಟಿಯ ಮೇಲೆ ತಳಿಯ ಸಂಖ್ಯೆ, ತಾರೀಕು, ಮಣ್ಣು ತೆಗೆದ ಜಾಗ, ತೆಗೆದವರ ಹೆಸರಿನ ಮೊದಲ ಅಕ್ಷರಗಳನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇವೆ. ಶಾಯಿ ಸ್ಪಿರಿಟ್ ತಾಗಿದರೆ ಅಳಿಸಿ ಹೋಗುತ್ತದೆ.